ನಿಮ್ಮ ಮನೆಯ ಡಿಶ್ ಕನೆಕ್ಷನ್ ಯಾರ ಕೈಗೂ ಕೊಡಬೇಡಿ

"ಡಿಟಿಎಚ್ ಫುಲ್ ಪ್ಯಾಕ್ ರೀಚಾರ್ಜ್ ನಾವೇ ಮಾಡಿಸ್ತೀವಿ, ನಿಮ್ಮ ಮನೇಲಿ ಒಂದು ಚಿಕ್ಕ ಬಾಕ್ಸ್ ಇಟ್ಕೊಂಡ್ರೆ ಸಾಕು." ಟೆಲಿಗ್ರಾಂನಲ್ಲೋ ವಾಟ್ಸ್‌ಆಪ್‌ನಲ್ಲೋ ಇಂಥ ಮೆಸೇಜ್ ಬಂದಿದ್ದರೆ, ಅಥವಾ ಮನೆಯ ಹುಡುಗರು ಈಗಾಗಲೇ ಹೂಂ ಅಂದುಬಿಟ್ಟಿದ್ದರೆ, ಇದನ್ನು ಪೂರ್ತಿ ಓದಿ.

ನಮ್ಮ ಅಕ್ಕನದು ಮಂಡ್ಯ ಪಕ್ಕದ ಹಳ್ಳಿ. ಭಾವ ಕಬ್ಬು ಬೆಳೆಯುತ್ತಾರೆ. ಡಿಶ್ ಕನೆಕ್ಷನ್ ಅವರ ಹೆಸರಲ್ಲಿದೆ, ವೈಫೈ ಅವರ ಹೆಸರಲ್ಲಿದೆ, ಬ್ಯಾಂಕ್ ಖಾತೆ, ಸಿಮ್ ಎಲ್ಲವೂ ಅವರದೇ. ಫೋನ್ ಮಾತ್ರ ಜಾಸ್ತಿ ಹೊತ್ತು ಮಗನ ಕೈಯಲ್ಲಿ. ಅವನಿಗೆ ಕ್ರಿಕೆಟ್ ಹುಚ್ಚು. ಯಾವುದೋ ಗುಂಪಿನಲ್ಲಿ ಪರಿಚಯವಾದವನೊಬ್ಬ ಕೊರಿಯರ್‌ನಲ್ಲಿ ಬಾಕ್ಸ್ ಕಳಿಸಿದ. ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ವೈರನ್ನು ಅದಕ್ಕೆ ಚುಚ್ಚಬೇಕು, ಅದರಿಂದ ಒಂದು ವೈರ್ ಟಿವಿಗೆ, ಇನ್ನೊಂದು ರೂಟರಿಗೆ. ಅಷ್ಟೇ ಕೆಲಸ. ಟಿವಿ ಎಂದಿನಂತೆ ಓಡುತ್ತದೆ. ಅದೇ ಚಿತ್ರ ಇಂಟರ್ನೆಟ್ಟಿನಲ್ಲಿ ಲಿಂಕ್ ಆಗಿ ಯಾರ್ಯಾರಿಗೋ ಮಾರಾಟವಾಗುತ್ತಿರುತ್ತದೆ.

"ಏನ್ಲಾ ಇದು, ರಾತ್ರಿಯೆಲ್ಲ ದೀಪ ಮಿಣಮಿಣ ಅಂತದೆ?" ಅಂತ ಭಾವ ಒಮ್ಮೆ ಕೇಳಿದರಂತೆ. "ವೈಫೈ ಚೆನ್ನಾಗಿ ಬರ್ಲಿ ಅಂತ ಕಣಪ್ಪ" ಅಂದನಂತೆ ಮಗರಾಯ.

ಆಮೇಲೆ ಆ ಆಸಾಮಿ ಇನ್ನೊಂದು ವರಸೆ ತೆಗೆದ. "ನನ್ನ ಯುಪಿಐ ಲಿಮಿಟ್ ಮುಗಿದಿದೆ, ನಿಮ್ಮ ಕ್ಯೂಆರ್ ಕಳಿಸಿ, ಕೆಲವರು ದುಡ್ಡು ಹಾಕ್ತಾರೆ, ನನಗೆ ತಿರುಗಿಸಿಬಿಡಿ." ಹುಡುಗ ಅಪ್ಪನ ಕ್ಯೂಆರ್ ಕೊಟ್ಟ. ಗೊತ್ತಿಲ್ಲದ ಊರುಗಳ, ಗೊತ್ತಿಲ್ಲದ ಜನರ ನೂರೈವತ್ತು, ಇನ್ನೂರು ರೂಪಾಯಿ ಬರುತ್ತಾ ಹೋಯಿತು.

ಮೊದಲು ಡಿಶ್ ಬಂದ್ ಆಯ್ತು. ರೀಚಾರ್ಜ್ ಇದ್ದರೂ ಚಾನೆಲ್ ಬರಲಿಲ್ಲ. ಸ್ವಲ್ಪ ದಿನಕ್ಕೆ ಬೇರೆ ಜಿಲ್ಲೆಯ ಪೊಲೀಸರಿಂದ ಭಾವನಿಗೆ ನೋಟಿಸ್. ಅದರ ಹಿಂದೆಯೇ ಬ್ಯಾಂಕ್ ಖಾತೆ ಫ್ರೀಜ್. ಅದು ಕಬ್ಬಿನ ಬಿಲ್ ಜಮಾ ಆಗುವ ಖಾತೆ. ಕಟಾವಿಗೆ ಬಂದ ಆಳುಗಳು ಗದ್ದೆ ಬದುವಿನಲ್ಲಿ ಕೂಲಿಗೆ ಕಾಯುತ್ತಿದ್ದಾರೆ, ದುಡ್ಡು ಬಂದು ಬಿದ್ದಿರುವುದು ಮೊಬೈಲಿನಲ್ಲಿ ಕಾಣುತ್ತದೆ, ತೆಗೆಯೋಕೆ ಆಗಲ್ಲ. ಬ್ಯಾಂಕಿನವರು ಪೊಲೀಸರ ಪತ್ರ ತೋರಿಸಿದರು. ಪೊಲೀಸರು ಕೋರ್ಟಿನಲ್ಲಿ ಅರ್ಜಿ ಹಾಕಿ ಅಂದರು. ಅಕ್ಕ ಕಿವಿಯ ಓಲೆ ಅಡ ಇಟ್ಟು ಕೂಲಿ ಬಟವಾಡೆ ಮಾಡಿದಳು. "ನಾನೇನ್ ಮಾಡಿದ್ನಪ್ಪ, ನನ್ಗೆ ಆ ರಿಮೋಟೇ ಸರಿಯಾಗಿ ಒತ್ತೋಕ್ ಬರಲ್ಲ" ಅಂತ ಭಾವ ನನ್ನ ಮುಂದೆ ಅಂದಾಗ ಏನು ಹೇಳಬೇಕೋ ತೋಚಲಿಲ್ಲ.

ಲಕ್ಷಾಂತರ ಮನೆಗಳಲ್ಲಿ ಇದೇ ಮನೆ ಅಂತ ಹೇಗೆ ಗೊತ್ತಾಯ್ತು? ಮ್ಯಾಚ್ ನೋಡುವಾಗ ಪರದೆ ಮೇಲೆ ಇದ್ದಕ್ಕಿದ್ದಂತೆ ಒಂದು ಉದ್ದನೆಯ ನಂಬರ್ ಬಂದು ಮಾಯವಾಗುವುದನ್ನು ನೀವೂ ಗಮನಿಸಿರಬಹುದು. ಅದಕ್ಕೆ ಫಿಂಗರ್‌ಪ್ರಿಂಟ್ ಅನ್ನುತ್ತಾರೆ. ಅದು ನಿಮ್ಮ ಸೆಟ್‌ಟಾಪ್ ಬಾಕ್ಸಿನದೋ ಅದರೊಳಗಿನ ಕಾರ್ಡಿನದೋ ನಂಬರ್. ಒಂದು ಸಲ ಬಲಗಡೆ, ಇನ್ನೊಂದು ಸಲ ನಟ್ಟನಡುವೆ, ಎಲ್ಲಿ ಬೇಕಾದರೂ ಬರಬಹುದು. ಮೂಲೆಗೆ ಲೋಗೊ ಅಂಟಿಸಿ ಮುಚ್ಚೋಣ ಅಂದರೆ ಆಗುವುದಿಲ್ಲ. ಕಣ್ಣಿಗೆ ಕಾಣದ ಗುರುತುಗಳೂ ಇರುತ್ತವೆ. ಕಳ್ಳ ಲಿಂಕಿನಲ್ಲಿ ಆ ನಂಬರ್ ಕಂಡರೆ ಸಾಕು, ಕನೆಕ್ಷನ್ ಯಾರ ಹೆಸರಲ್ಲಿದೆ, ಡಿಶ್ ಯಾವ ಮನೆ ತಾರಸಿ ಮೇಲಿದೆ ಎಲ್ಲ ಕಂಪನಿಯ ಕಂಪ್ಯೂಟರಿನಲ್ಲೇ ಇರುತ್ತದೆ. ಇನ್ನೂ ಖಾತ್ರಿ ಬೇಕೆಂದರೆ ಆ ಒಂದು ಕಾರ್ಡನ್ನು ಆಫ್ ಮಾಡಿ ನೋಡಬಹುದು. ಲಿಂಕಿನಲ್ಲೂ ಚಿತ್ರ ನಿಂತರೆ ಮುಗಿಯಿತು.

ಇನ್ನು ಕಾರ್ಡ್ ಶೇರಿಂಗ್, ಸಿಸಿಕ್ಯಾಮ್ (ಅದಕ್ಕೆ ಬಳಸುವ ಸಾಫ್ಟ್‌ವೇರ್) ಲೈನ್ ಅಂತ ಮಾರುವುದು ಬೇರೆ ತರಹ. ಡಿಶ್‌ಗೆ ಸಿಗ್ನಲ್ ಬೀಗ ಹಾಕಿಕೊಂಡೇ ಬರುತ್ತದೆ. ಅದರ ಕೀಲಿ ಕೆಲವೇ ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಒಂದು ಅಸಲಿ ಕಾರ್ಡ್ ಬಿಡಿಸಿದ ಕೀಲಿಯನ್ನು ಇಂಟರ್ನೆಟ್ ಮೂಲಕ ಹತ್ತಾರು ಮನೆಗೆ ಕಳಿಸುತ್ತಾರೆ. "ಇದರಲ್ಲಿ ಪರದೆ ಮೇಲೆ ನಂಬರ್ ಬರಲ್ಲ, ಸೇಫ್" ಅಂತ ಬೊಗಳೆ ಬಿಡುತ್ತಾರೆ. ಆದರೆ ಕೀಲಿಗಾಗಿ ಗಿರಾಕಿಯ ಬಾಕ್ಸ್ ಕೀಲಿ ಕಳಿಸುವವರ ಸರ್ವರಿಗೆ ಪದೇ ಪದೇ ಹೋಗಿ ಕೇಳುತ್ತಲೇ ಇರಬೇಕು ಅಲ್ವಾ? ಯಾವ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ನಿಮ್ಮ ಕನೆಕ್ಷನ್ನಿನ ಗುರುತಿನ ನಂಬರ್), ಯಾವ ಚಾನೆಲ್, ಯಾವಾಗಿಂದ ಅನ್ನುವುದು ಸರ್ವರಿಗೆ ಗೊತ್ತಾಗುತ್ತದೆ. ಪೊಲೀಸರಿಗೆ ಆ ಸರ್ವರ್ ಸಿಕ್ಕರೆ ಗಿರಾಕಿಗಳ ಪಟ್ಟಿಯೂ ಸಿಗಬಹುದು. ಐಪಿ ವಿಳಾಸದಿಂದ ಮನೆ ಹುಡುಕೋದು ಕಷ್ಟವಲ್ಲ. 2021ರ ಕೊನೆಯಲ್ಲಿ ಬದಲಾದ ಲೈಸೆನ್ಸ್ ನಿಯಮದ ಪ್ರಕಾರ ಇಂಟರ್ನೆಟ್ ಕಂಪನಿಗಳು ಯಾವ ಐಪಿ ಯಾರದು ಅನ್ನುವ ದಾಖಲೆಗಳನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕು. ಯುಪಿಐ ವಿಷಯ ಬಿಡಿ, ಅದರಲ್ಲಿ ಹೆಸರು ಸಮೇತ ಬರುತ್ತದೆ.

ಇದು ಸಣ್ಣ ಕೇಸ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪ್ರಸಾರವನ್ನು ಅನುಮತಿ ಇಲ್ಲದೆ ಮತ್ತೆ ಹಂಚುವುದು 1957ರ ಕಾಪಿರೈಟ್ ಕಾಯ್ದೆಯ 37ನೇ ಸೆಕ್ಷನ್ನಿಗೆ ವಿರುದ್ಧ. 63ನೇ ಸೆಕ್ಷನ್‌ನಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಈ ಸೆಕ್ಷನ್‌ನಲ್ಲಿ ಪೊಲೀಸರು ವಾರೆಂಟ್ ಇಲ್ಲದೆ ಬಂಧಿಸಬಹುದು, ಜಾಮೀನು ಹಕ್ಕಾಗಿ ಸಿಗುವುದಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೀಗ ಮುರಿಯುವ ಕೆಲಸಕ್ಕೆ 65ಎ ಬೇರೆ ಇದೆ, 2 ವರ್ಷದವರೆಗೆ ಜೈಲು. ನಮ್ಮ ರಾಜ್ಯದ 1985ರ ಗೂಂಡಾ ಕಾಯ್ದೆಯ ಹೆಸರಿನಲ್ಲೇ ವಿಡಿಯೊ, ಆಡಿಯೊ ಪೈರೇಟ್‌ಗಳೂ ಸೇರಿದ್ದಾರೆ. ಕ್ಯೂಆರ್ ಕೊಟ್ಟ ಹುಡುಗನ ಮೇಲೆ ಅದನ್ನು ಹಾಕುತ್ತಾರೆ ಅಂತ ನಾನು ಹೇಳುತ್ತಿಲ್ಲ, ಇದೆ ಅಂತ ಗೊತ್ತಿರಲಿ.

"ದುಡ್ಡು ಕಟ್ಟಿದ್ದೀನಿ, ನನ್ನ ಕನೆಕ್ಷನ್, ನನ್ನಿಷ್ಟ" ಅನ್ನುವವರು ಕನೆಕ್ಷನ್ ತಗೊಳ್ಳುವಾಗ ಸಹಿ ಹಾಕಿದ ಫಾರಂ ಒಮ್ಮೆ ಓದಿ. ಸಾಮಾನ್ಯವಾಗಿ ಅದು ಆ ಮನೆಯಲ್ಲಿ ನೋಡೋಕೆ ಮಾತ್ರ. ಮೈಸೂರಿನ ಪಿಜಿ, ಮೆಸ್ ನಡೆಸುವವರೂ ಇದನ್ನು ನೋಡಿಕೊಂಡರೆ ಒಳ್ಳೆಯದು, ಅವರಿಗೆ ಕಮರ್ಷಿಯಲ್ ಕನೆಕ್ಷನ್ನೇ ಬೇಕಾಗುತ್ತದೆ. ಖರ್ಚೇ ಸಮಸ್ಯೆ ಅಂದರೆ ಡಿಡಿ ಫ್ರೀ ಡಿಶ್ ಇದೆ, ತಿಂಗಳ ಬಾಡಿಗೆ ಇಲ್ಲ, ಚಂದನವೂ ಬರುತ್ತದೆ. ಮುಖ್ಯ ಪಂದ್ಯಗಳನ್ನು ದೂರದರ್ಶನಕ್ಕೂ ಕೊಡಬೇಕು ಅನ್ನುವ 2007ರ ಕಾನೂನಿನಿಂದಾಗಿ ಭಾರತ ತಂಡದ ಏಕದಿನ, ಟಿ20 ಪಂದ್ಯಗಳೂ ಅದರಲ್ಲಿ ಸಿಗುತ್ತವೆ. ಐಪಿಎಲ್ ಅದರೊಳಗೆ ಬರುವುದಿಲ್ಲ.

ಅಂಥ ಬಾಕ್ಸ್ ಈಗಾಗಲೇ ಮನೆಯಲ್ಲಿದ್ದರೆ ಇವತ್ತೇ ವೈರ್ ಕಿತ್ತುಹಾಕಿ. ಬಾಕ್ಸನ್ನು ನಾಲೆಗೆ ಎಸೆಯಬೇಡಿ, ಬಂದ ಕೊರಿಯರ್ ಕವರ್ ಸಮೇತ ಎತ್ತಿಡಿ. ಮೆಸೇಜ್‌ಗಳ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ದುಡ್ಡು ಬಂದಿದ್ದು ಹೋಗಿದ್ದರ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ, ನೋಟಿಸ್ ಬರುವ ಮೊದಲೇ ವಕೀಲರನ್ನು ಕಾಣಿ. ಅಕ್ಕನ ಮಗ ಹೆದರಿ ಗುಂಪಿನಿಂದ ಆಚೆ ಬಂದು ಚಾಟ್ ಪೂರ್ತಿ ಅಳಿಸಿಬಿಟ್ಟಿದ್ದ. ವಕೀಲರು ತಲೆ ಚಚ್ಚಿಕೊಂಡರು. ಬಾಕ್ಸ್ ಕಳಿಸಿದವನು ಇಂಥವನು ಅಂತ ತೋರಿಸೋಕೆ ಇದ್ದಿದ್ದು ಅದೊಂದೇ. ಈಗ ಕೇಸ್ ಫೈಲಿನಲ್ಲಿ ಇರುವುದೆಲ್ಲ ಭಾವನ ಹೆಸರಿನ ಕಾಗದಗಳೇ.