ಬ್ರಸೆಲ್ಸ್‌ನ ಸಾಲ್ವೇ ಸಾರ್ವಜನಿಕ ಉಪನ್ಯಾಸ: ಹಣ ಕಂಪನಿಯದು, ಮಾತು ವಿಜ್ಞಾನಿಗಳದು

ಪಿಯುಸಿಯಲ್ಲಿ ವಿಜ್ಞಾನ ಓದಿದ ನನ್ನ ತಲೆಮಾರಿನವರಿಗೆ ಸಾಲ್ವೇ ಎಂಬ ಹೆಸರು ಮೊದಲು ಸಿಕ್ಕಿದ್ದು ರಸಾಯನಶಾಸ್ತ್ರದ ಪುಸ್ತಕದಲ್ಲಿ. ಅಮೋನಿಯಾ ಬೆರೆಸಿದ ಉಪ್ಪುನೀರಿಗೆ, ಸುಣ್ಣದ ಕಲ್ಲನ್ನು ಸುಟ್ಟು ಪಡೆದ ಕಾರ್ಬನ್ ಡೈಆಕ್ಸೈಡನ್ನು ಹಾಯಿಸಿದರೆ ಅಡುಗೆ ಸೋಡ ಹರಳುಗಟ್ಟಿ ತಳಕ್ಕೆ ಇಳಿಯುತ್ತದೆ. ಅದನ್ನು ಕಾಯಿಸಿದರೆ ಬಟ್ಟೆ ಸೋಡ ಆಗುತ್ತದೆ. ಇದೇ ವಿಧಾನದಲ್ಲಿ ಪೊಟ್ಯಾಸಿಯಂ ಕಾರ್ಬೊನೇಟನ್ನು ಏಕೆ ತಯಾರಿಸಲಾಗುವುದಿಲ್ಲ ಎಂಬ ಪ್ರಶ್ನೆಗೆ, ಪೊಟ್ಯಾಸಿಯಂ ಬೈಕಾರ್ಬೊನೇಟ್ ನೀರಿನಲ್ಲಿ ಚೆನ್ನಾಗಿ ಕರಗಿಬಿಡುವುದರಿಂದ ಹರಳಾಗಿ ಬೇರ್ಪಡುವುದಿಲ್ಲ ಎಂದು ಉತ್ತರ ಬರೆದವರು ನಮ್ಮಲ್ಲಿ ಸಾವಿರಾರು ಮಂದಿ ಇದ್ದಾರೆ. ಭೌತಶಾಸ್ತ್ರದ ತರಗತಿಯಲ್ಲಿ ಅದೇ ಹೆಸರು ಮತ್ತೊಮ್ಮೆ ಎದುರಾಗುತ್ತಿತ್ತು. ಐನ್‌ಸ್ಟೀನ್, ಬೋರ್, ಮೇರಿ ಕ್ಯೂರಿ, ಹೈಸನ್‌ಬರ್ಗ್ ಎಲ್ಲರೂ ಒಂದೇ ಚೌಕಟ್ಟಿನಲ್ಲಿರುವ 1927ರ ಆ ಫೋಟೊದ ಅಡಿಯಲ್ಲಿ ‘ಸಾಲ್ವೇ ಸಮ್ಮೇಳನ’ ಎಂದು ಬರೆದಿರುತ್ತಿತ್ತು. ಸೋಡದ ಸಾಲ್ವೇಯೂ ಸಮ್ಮೇಳನದ ಸಾಲ್ವೇಯೂ ಒಬ್ಬನೇ ಮನುಷ್ಯ ಎಂಬುದು ನನಗೆ ತಿಳಿದದ್ದು ಕೆಲಸದ ನಿಮಿತ್ತ ಬೆಲ್ಜಿಯಂಗೆ ಬಂದು ಲೂವೆನ್‌ನಲ್ಲಿ ನೆಲೆಸಿದ ಮೇಲೆ.

ನಾನು ಇಲ್ಲಿ ಪರಿಶೀಲಿಸುತ್ತಿರುವುದು ಆ ಮನುಷ್ಯನ ಹೆಸರಿನ ಸಂಸ್ಥೆ ಬ್ರಸೆಲ್ಸ್‌ನಲ್ಲಿ ಜನಸಾಮಾನ್ಯರಿಗಾಗಿ ಏರ್ಪಡಿಸುವ ಉಪನ್ಯಾಸವನ್ನು. ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳ ಅಂತರರಾಷ್ಟ್ರೀಯ ಸಾಲ್ವೇ ಸಂಸ್ಥೆಗಳು ನಡೆಯುತ್ತಿರುವುದು ಸಾಲ್ವೇ ಕುಟುಂಬ, ಸಾಲ್ವೇ ಕಟ್ಟಿದ ಉದ್ಯಮ ಮತ್ತು ಬ್ರಸೆಲ್ಸ್‌ನ ಎರಡು ಮುಕ್ತ ವಿಶ್ವವಿದ್ಯಾಲಯಗಳ ಆಸರೆಯಲ್ಲಿ. ಅವುಗಳಲ್ಲಿ ಒಂದರ ಭಾಷೆ ಫ್ರೆಂಚ್, ಇನ್ನೊಂದರದು ಡಚ್. ‘ಮುಕ್ತ’ ಎಂಬುದನ್ನು ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಅರ್ಥದಲ್ಲಿ ತೆಗೆದುಕೊಳ್ಳಬಾರದು. 1834ರಲ್ಲಿ ಇವೆರಡರ ಮೂಲ ವಿದ್ಯಾಲಯ ಸ್ಥಾಪನೆಯಾದಾಗ ಆ ಪದಕ್ಕೆ ಚರ್ಚಿನ ಹಿಡಿತವಿಲ್ಲದ, ಸ್ವತಂತ್ರ ವಿಚಾರಣೆಯ ವಿದ್ಯಾಲಯ ಎಂಬ ಅರ್ಥವಿತ್ತು, ಈಗಲೂ ಇದೆ. ಸಂಸ್ಥೆಗಳ ಮುಖ್ಯ ಕೆಲಸ ಆಹ್ವಾನಿತ ವಿಜ್ಞಾನಿಗಳ ಸಮ್ಮೇಳನ. ಅದರ ಬಾಗಿಲು ನಮ್ಮಂಥವರಿಗೆ ತೆರೆಯುವುದಿಲ್ಲ. ನಮಗೆ ತೆರೆಯುವುದು ಅಕ್ಟೋಬರ್ ಸುಮಾರಿಗೆ ಬರುವ ಒಂದು ಭಾನುವಾರದ ಮಧ್ಯಾಹ್ನ, ಫ್ಲಾಜೇ ಕಟ್ಟಡದ ಸಭಾಂಗಣದಲ್ಲಿ.

ಹಣ ಕೊಟ್ಟ ಕಂಪನಿಗೂ ಮಾತನಾಡುವ ವಿಜ್ಞಾನಿಗೂ ನಡುವೆ ಎಷ್ಟು ಅಂತರ ಇರಬೇಕು ಎಂಬುದು ಇಂಥ ಸಹಭಾಗಿತ್ವಗಳಲ್ಲಿ ನಾನು ಮೊದಲು ನೋಡುವ ಅಂಶ. ಇದಕ್ಕೆ ಕಾರಣವೂ ಇದೆ. ನಾನು ಓದಿದ ಕಾಲೇಜಿನಲ್ಲಿ ಒಮ್ಮೆ ಒಂದು ದೊಡ್ಡ ಕಂಪನಿಯ ಪ್ರಾಯೋಜಕತ್ವದಲ್ಲಿ ಭೌತಶಾಸ್ತ್ರದ ಉಪನ್ಯಾಸ ಏರ್ಪಾಡಾಗಿತ್ತು. ಮೊದಲು ಕಂಪನಿಯ ಕಿರುಚಿತ್ರ, ಆಮೇಲೆ ಅಧಿಕಾರಿಯ ಭಾಷಣ, ಅದಾದ ಮೇಲೆ ನೇಮಕಾತಿಯ ವಿವರ. ಇವೆಲ್ಲ ಮುಗಿದು ವೇದಿಕೆಗೆ ಬಂದ ಪ್ರಾಧ್ಯಾಪಕರಿಗೆ ಉಳಿದದ್ದು ಇಪ್ಪತ್ತು ನಿಮಿಷ. ಅತಿವಾಹಕತೆಯ ಕುರಿತು ಅವರು ಸಿದ್ಧಪಡಿಸಿಕೊಂಡು ಬಂದಿದ್ದ ಹಾಳೆಗಳಲ್ಲಿ ಅರ್ಧವನ್ನು ಮಡಿಸಿ ಜೇಬಿಗೆ ಇಟ್ಟುಕೊಂಡದ್ದು ನನಗೆ ಇಂದಿಗೂ ನೆನಪಿದೆ. ಬ್ರಸೆಲ್ಸ್‌ನ ಸಭಾಂಗಣದಲ್ಲಿ ಕುಳಿತಾಗಲೆಲ್ಲ ಆ ಮಡಿಸಿದ ಹಾಳೆಗಳು ಕಣ್ಣ ಮುಂದೆ ಬರುತ್ತವೆ.

ಅರ್ನೆಸ್ಟ್ ಸಾಲ್ವೇ ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲ; ಹರೆಯದಲ್ಲಿ ಬಂದ ಶ್ವಾಸಕೋಶದ ಕಾಯಿಲೆ ಅವನ ಓದನ್ನು ನಿಲ್ಲಿಸಿತು. 1861ರಲ್ಲಿ ಸೋಡ ತಯಾರಿಕೆಗೆ ಪೇಟೆಂಟ್ ಪಡೆದು, 1863ರಲ್ಲಿ ಕಂಪನಿ ಕಟ್ಟಿ, ಗಾಜಿಗೂ ಸಾಬೂನಿಗೂ ಬೇಕಾದ ಸೋಡವನ್ನು ಹಳೆಯ ಲೆಬ್ಲಾಂಕ್ ವಿಧಾನಕ್ಕಿಂತ ಅಗ್ಗವಾಗಿ ಒದಗಿಸಿ ಅಪಾರ ಸಂಪತ್ತು ಗಳಿಸಿದ. ಜರ್ಮನಿಯ ರಸಾಯನವಿಜ್ಞಾನಿ ವಾಲ್ಟರ್ ನೆರ್ನ್‌ಸ್ಟ್ ಪ್ರೇರಣೆಯಿಂದ 1911ರ ಅಕ್ಟೋಬರ್ ಕೊನೆಯಲ್ಲಿ ಬ್ರಸೆಲ್ಸ್‌ನ ಹೋಟೆಲ್ ಮೆಟ್ರೊಪೋಲ್‌ನಲ್ಲಿ ಮೊದಲ ಸಮ್ಮೇಳನ ಸೇರಿತು. ಅಧ್ಯಕ್ಷತೆ ಡಚ್ ಭೌತವಿಜ್ಞಾನಿ ಲೊರೆಂಟ್ಸ್ ಅವರದು, ವಿಷಯ ವಿಕಿರಣ ಮತ್ತು ಕ್ವಾಂಟಂ, ಬಂದವರಲ್ಲಿ ಪ್ಲಾಂಕ್, ರುದರ್‌ಫರ್ಡ್, ಪ್ವಾಂಕಾರೆ, ಮೇರಿ ಕ್ಯೂರಿ, ಮತ್ತು ಆಗಿನ್ನೂ ಮೂವತ್ತೆರಡರ ಐನ್‌ಸ್ಟೀನ್. ಈ ಕಥೆಯಲ್ಲಿ ನನ್ನನ್ನು ಬಹಳವಾಗಿ ಹಿಡಿದಿಟ್ಟ ಸಂಗತಿಯೆಂದರೆ, ಗುರುತ್ವ ಮತ್ತು ದ್ರವ್ಯದ ಕುರಿತು ಸಾಲ್ವೇ ತನ್ನದೇ ಆದ ಒಂದು ಸಿದ್ಧಾಂತ ಕಟ್ಟಿಕೊಂಡಿದ್ದ. ಸಮ್ಮೇಳನದ ಆರಂಭದಲ್ಲಿ ಅದನ್ನು ಆ ಮಹನೀಯರ ಮುಂದೆ ಇಟ್ಟ. ಅವರು ಗೌರವದಿಂದ ಕೇಳಿಸಿಕೊಂಡರು, ಬಳಿಕ ತಮ್ಮ ವಿಷಯಕ್ಕೆ ಹೊರಳಿದರು. ಹೋಟೆಲಿನ ಖರ್ಚು, ಪ್ರಯಾಣದ ಖರ್ಚು ಎಲ್ಲವನ್ನೂ ಭರಿಸಿದವನು ತನ್ನ ಸಿದ್ಧಾಂತವನ್ನೇ ಚರ್ಚಿಸಿ ಎಂದು ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಮರುವರ್ಷ, 1912ರಲ್ಲಿ, ಭೌತಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದಾಗ ಚರ್ಚೆಯ ವಿಷಯವನ್ನೂ ಆಹ್ವಾನಿತರನ್ನೂ ನಿರ್ಧರಿಸುವ ಅಧಿಕಾರವನ್ನು ಲೊರೆಂಟ್ಸ್ ನೇತೃತ್ವದ ವೈಜ್ಞಾನಿಕ ಸಮಿತಿಗೇ ಬಿಟ್ಟುಕೊಟ್ಟ. ಆಗ ಹಾಕಿದ ಆ ಗೆರೆಯಿಂದಲೇ ಇಂದಿನ ಉಪನ್ಯಾಸಗಳ ಗುಣಮಟ್ಟ ಬಂದಿದೆ ಎಂದು ನಾನು ನಂಬುತ್ತೇನೆ.

ಮೊದಲ ಸಮ್ಮೇಳನದ ಫೋಟೊವನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಸಂಗತಿ ಕಾಣಿಸುತ್ತದೆ. ಮೇಜಿನ ಬಲತುದಿಯಲ್ಲಿ ಮೇರಿ ಕ್ಯೂರಿ ಮತ್ತು ಪ್ವಾಂಕಾರೆ ಒಂದು ಕಾಗದದ ಮೇಲೆ ಬಾಗಿ ಮಾತಿನಲ್ಲಿ ಮುಳುಗಿದ್ದಾರೆ, ಕ್ಯಾಮೆರಾ ಅವರಿಗೆ ಲೆಕ್ಕಕ್ಕೇ ಇಲ್ಲ. ಎಡಗಡೆ ಕುಳಿತಿರುವ ಸಾಲ್ವೇಯ ತಲೆ ಮಾತ್ರ ಉಳಿದವರದಕ್ಕಿಂತ ತುಸು ದೊಡ್ಡದಾಗಿ ಕಾಣುತ್ತದೆ. ಫೋಟೊ ತೆಗೆದಾಗ ಅವನು ಅಲ್ಲಿರಲಿಲ್ಲ. ಅವನ ಚಿತ್ರವನ್ನು ಆಮೇಲೆ ಅಂಟಿಸಿದ್ದಾರೆ.

ಇನ್ನು ಫ್ಲಾಜೇ ಸಭಾಂಗಣದ ಅನುಭವಕ್ಕೆ ಬರುತ್ತೇನೆ. 1938ರಲ್ಲಿ ಬಾನುಲಿ ಕೇಂದ್ರವಾಗಿ ಆರಂಭವಾದ ಈ ಹಳದಿ ಇಟ್ಟಿಗೆಯ ಕಟ್ಟಡ ಇಕ್ಸೆಲ್ ಕೊಳಗಳ ಪಕ್ಕದಲ್ಲಿ ಹಡಗಿನಂತೆ ನಿಂತಿದೆ. ಸಂಗೀತದ ಧ್ವನಿಮುದ್ರಣಕ್ಕೆಂದು ಕಟ್ಟಿದ ಸಭಾಂಗಣವಾದ್ದರಿಂದ ಕೊನೆಯ ಸಾಲಿನಲ್ಲಿ ಕುಳಿತವರಿಗೂ ಉಪನ್ಯಾಸಕರ ಉಸಿರೆಳೆತ ಕೇಳಿಸುತ್ತದೆ. ಪ್ರವೇಶ ಉಚಿತ, ಆದರೆ ಮುಂಚಿತವಾಗಿ ಹೆಸರು ನೋಂದಾಯಿಸಬೇಕು. ನೋಡೋಣ ಎಂದು ಮುಂದೂಡಿದವರಿಗೆ ಆಸನ ಸಿಗುವುದು ಕಷ್ಟ. ಉಪನ್ಯಾಸಗಳ ಭಾಷೆ ಇಂಗ್ಲಿಷ್. ಸಾಮಾನ್ಯವಾಗಿ ಎರಡು ಉಪನ್ಯಾಸಗಳು, ಅನಂತರ ಸಮ್ಮೇಳನಕ್ಕೆ ಬಂದ ಕೆಲವು ವಿಜ್ಞಾನಿಗಳ ಗೋಷ್ಠಿ, ಕೊನೆಗೆ ಮೊಗಸಾಲೆಯಲ್ಲಿ ಪಾನೀಯ ಹಿಡಿದು ನಿಂತು ಮಾತನಾಡುವ ಅವಕಾಶ. ಭೌತಶಾಸ್ತ್ರದ ಸಮ್ಮೇಳನವಿದ್ದ ವರ್ಷ ಭೌತಶಾಸ್ತ್ರ, ರಸಾಯನದ ವರ್ಷ ರಸಾಯನ. ಹೋಗುವ ಮೊದಲು ವಿಷಯ ನೋಡಿಕೊಳ್ಳುವುದು ಒಳ್ಳೆಯದು.

ಒಂದು ಸಲ ಹಾಸನದಿಂದ ಬಂದಿದ್ದ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ತರಗತಿಗೆ ಹೋಗುವಾಗಿನ ಶಿಸ್ತಿನಲ್ಲೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿನಲ್ಲಿ ಸಣ್ಣ ಡೈರಿ ಇಟ್ಟುಕೊಂಡು ಬಂದಿದ್ದರು. ಮೊದಲ ಉಪನ್ಯಾಸ ಮುಗಿದಾಗ ಡೈರಿಯ ನಾಲ್ಕು ಪುಟ ತುಂಬಿತ್ತು. ನನ್ನ ಕಡೆ ಬಾಗಿ, “ಕಂಪನಿ ಹೆಸರು ಇದೆ, ಸರಕು ಎಲ್ಲೂ ಇಲ್ಲವಲ್ಲಮ್ಮ” ಎಂದರು. “ಅದಕ್ಕೇ ಅಲ್ವಾ ಅಪ್ಪ ನಿಮ್ಮನ್ನ ಕರೆದುಕೊಂಡು ಬಂದಿದ್ದು” ಎಂದೆ. ನಾನು ಈ ಪರಿಶೀಲನೆಯಲ್ಲಿ ಹೇಳಬೇಕೆಂದಿರುವುದನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಿದ್ದರು.

ಬ್ರಸೆಲ್ಸ್‌ಗೆ ಬರಲಾಗದವರು ಅಂತರಜಾಲದಲ್ಲಿರುವ ಧ್ವನಿಚಿತ್ರಗಳನ್ನು ನೋಡಬಹುದು. ಮೊದಲ ಸಮ್ಮೇಳನದ ಶತಮಾನೋತ್ಸವ ನಡೆದ 2011ರಲ್ಲಿ ಡೇವಿಡ್ ಗ್ರಾಸ್ ಅಧ್ಯಕ್ಷತೆಯ ಸಮ್ಮೇಳನದ ವಿಷಯ ಕ್ವಾಂಟಂ ಜಗತ್ತಿನ ಸಿದ್ಧಾಂತವಾಗಿತ್ತು. ಆ ವರ್ಷದ ಸಾರ್ವಜನಿಕ ಉಪನ್ಯಾಸಕರಲ್ಲಿ ವಿಲಿಯಂ ಫಿಲಿಪ್ಸ್ ಮತ್ತು ಫ್ರಾಂಕ್ ವಿಲ್ಚೆಕ್ ಇದ್ದರು. ಫಿಲಿಪ್ಸ್ ಅವರಿಗೆ 1997ರಲ್ಲಿ ನೊಬೆಲ್ ಬಂದದ್ದು ಲೇಸರ್ ಬೆಳಕಿನಿಂದ ಪರಮಾಣುಗಳನ್ನು ತಣ್ಣಗಾಗಿಸಿದ್ದಕ್ಕೆ. ಬೆಳಕು ಬಿದ್ದರೆ ವಸ್ತು ಬಿಸಿಯಾಗುತ್ತದೆ ಎಂದೇ ನಾವು ಬಲ್ಲೆವು. ಆದರೆ ಎದುರಿನಿಂದ ಬರುವ, ಸರಿಯಾಗಿ ಆಯ್ದ ಬಣ್ಣದ ಬೆಳಕು ಓಡುತ್ತಿರುವ ಪರಮಾಣುವಿಗೆ ಅಡ್ಡ ತಳ್ಳಾಟವಾಗಿ ಅದರ ವೇಗ ತಗ್ಗಿಸುತ್ತದೆ, ವೇಗ ತಗ್ಗುವುದೇ ತಣ್ಣಗಾಗುವುದು. ನಿಧಾನವಾದ ಪರಮಾಣುವನ್ನು ಹೆಚ್ಚು ಹೊತ್ತು ಗಮನಿಸಬಹುದಾದ್ದರಿಂದ ಅದರ ಮಿಡಿತವನ್ನು ಇನ್ನಷ್ಟು ಕರಾರುವಾಕ್ಕಾಗಿ ಎಣಿಸಬಹುದು. ಪರಮಾಣು ಗಡಿಯಾರಗಳು ಉತ್ತಮಗೊಂಡದ್ದು ಹೀಗೆ. ವಿಲ್ಚೆಕ್ ಮಾತನಾಡಿದ್ದು ಕ್ವಾಂಟಂ ಜಗತ್ತಿನ ಸೌಂದರ್ಯದ ಕುರಿತು. ಪ್ರೋಟಾನಿನ ಒಳಗಿರುವ ಕಣಗಳಾದ ಕ್ವಾರ್ಕ್‌ಗಳು ಒಂದಕ್ಕೊಂದು ಹತ್ತಿರ ಬಂದಷ್ಟೂ ಅವುಗಳ ನಡುವಣ ಬಲ ಕ್ಷೀಣಿಸುತ್ತದೆ ಎಂದು ತೋರಿಸಿ ಗ್ರಾಸ್ ಮತ್ತು ಪೊಲಿಟ್ಸರ್ ಜೊತೆ 2004ರ ನೊಬೆಲ್ ಪಡೆದವರು ಅವರು. ಪಿಯು ಮಕ್ಕಳಿಗೆ ಮೊದಲು ಫಿಲಿಪ್ಸ್ ಅವರ ವಿಷಯವನ್ನು, ಬಿಎಸ್ಸಿಯವರಿಗೆ ವಿಲ್ಚೆಕ್ ಅವರ ಉಪನ್ಯಾಸವನ್ನು ನಾನು ಸೂಚಿಸುತ್ತೇನೆ.

ಇನ್ನೂ ಆಳಕ್ಕೆ ಹೋಗಬಯಸುವವರಿಗೆ ಅರ್ನೆಸ್ಟ್ ವಂಶದ ಜಾಕ್ ಸಾಲ್ವೇ ಹೆಸರಿನ ಅಂತರರಾಷ್ಟ್ರೀಯ ಪೀಠವಿದೆ. 2006ರಿಂದ ಈಚೆಗೆ ಒಬ್ಬ ಭೌತವಿಜ್ಞಾನಿಯನ್ನು ಬ್ರಸೆಲ್ಸ್‌ಗೆ ಕರೆಸಿ, ಕೆಲವು ವಾರ ಅಲ್ಲಿಯೇ ಇರಿಸಿಕೊಂಡು ಪಾಠ ಮಾಡಿಸುತ್ತಾರೆ. ಮೊದಲು ಬಂದವರು ರಷ್ಯದ ಲುಡ್ವಿಗ್ ಫದೀವ್, ಆಮೇಲೆ ಬ್ರಿಟನ್ನಿನ ಮೈಕೇಲ್ ಬೆರಿ. ಒಂದು ಮಧ್ಯಾಹ್ನದ ಉಪನ್ಯಾಸಕ್ಕಿಂತ ವಿದ್ಯಾರ್ಥಿಗಳಿಗೆ ಇದರಿಂದ ಆಗುವ ಲಾಭ ಹೆಚ್ಚು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಪಾಠ ಮುಗಿದ ಮರುದಿನವೂ ಆ ವಿಜ್ಞಾನಿ ಅದೇ ಕಟ್ಟಡದಲ್ಲಿ ಸಿಗುತ್ತಾರೆ.

ಈ ಪರಂಪರೆಯ ಕುಂದುಗಳನ್ನೂ ಹೇಳದೆ ಬಿಡುವಂತಿಲ್ಲ. ಮೊದಲ ಮಹಾಯುದ್ಧದ ಬಳಿಕ 1921 ಮತ್ತು 1924ರ ಸಮ್ಮೇಳನಗಳಿಂದ ಜರ್ಮನ್ ವಿಜ್ಞಾನಿಗಳನ್ನು ಹೊರಗಿಟ್ಟಿದ್ದರು. ವಿಷಯದ ಮೇಲೆ ಕಂಪನಿ ಕೈಯಿಡದಿದ್ದರೂ ರಾಜಕೀಯ ಕೈಯಿಟ್ಟಿತು. 1927ರ ಇಪ್ಪತ್ತೊಂಬತ್ತು ಮಂದಿಯಲ್ಲಿ ಹೆಣ್ಣೆಂದರೆ ಮೇರಿ ಕ್ಯೂರಿ ಒಬ್ಬರೇ. ನಮ್ಮ ನಾಡಿನೊಡನೆ ಆದ ನಂಟು 1948ರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಅಧ್ಯಯನ ನಡೆಸಿ, ಟಾಟಾ ದತ್ತಿಯ ನೆರವಿನಿಂದ 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ್ದ ಹೋಮಿ ಭಾಭಾ, ಮೂಲಕಣಗಳ ಕುರಿತ ಎಂಟನೆಯ ಸಮ್ಮೇಳನದಲ್ಲಿ ಬೋರ್, ಡಿರಾಕ್, ಓಪನ್‌ಹೈಮರ್‌ ಅವರೊಂದಿಗೆ ಕುಳಿತಿದ್ದರು. ಉದ್ಯಮದ ಹಣವನ್ನು ವಿಜ್ಞಾನಕ್ಕೆ ಹರಿಸುವ ಕೆಲಸವನ್ನು ಸ್ವತಃ ಮಾಡಿ ಅನುಭವವಿದ್ದವರು ಭಾಭಾ.

ಇಂದಿನ ಸಾರ್ವಜನಿಕ ಉಪನ್ಯಾಸದ ಬಗ್ಗೆ ನನ್ನದು ಒಂದೇ ಬೇಡಿಕೆ. ವರ್ಷಕ್ಕೆ ಒಂದು ಮಧ್ಯಾಹ್ನ ಸಾಲದು. ಅಷ್ಟು ದೂರದಿಂದ ಬಂದ ವಿಜ್ಞಾನಿಗಳು ಮಾರನೆಯ ದಿನ ಒಂದೊಂದು ಪ್ರೌಢಶಾಲೆಗೆ ಹೋಗಿ ಒಂದು ಗಂಟೆ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಿದರೆ ಈ ಹಣ ಇನ್ನೂ ಹೆಚ್ಚು ಸಾರ್ಥಕವಾದೀತು. ಕಂಪನಿ 2023ರ ಕೊನೆಯಲ್ಲಿ ಸಾಲ್ವೇ ಮತ್ತು ಸೈಎನ್ಸ್ಕೋ ಎಂದು ಎರಡಾಗಿರುವ ಈ ಹೊತ್ತಿನಲ್ಲಿ, 1912ರಲ್ಲಿ ಹಾಕಿದ ಗೆರೆ ಅಳಿಸದೆ ಉಳಿಯಬೇಕು ಎಂದೂ ಮನಸಾರೆ ಆಶಿಸುತ್ತೇನೆ.

ಅಂದು ಫ್ಲಾಜೇಯಿಂದ ಹೊರಟ ಮೇಲೆ ಅಪ್ಪ ಮನೆಗೆ ಹೋಗಲು ಒಪ್ಪಲಿಲ್ಲ. 1927ರ ಫೋಟೊ ತೆಗೆದ ಜಾಗ ನೋಡಲೇಬೇಕೆಂದರು. ಅದು ಲಿಯೊಪೋಲ್ಡ್ ಉದ್ಯಾನದಲ್ಲಿ, ಯುರೋಪಿಯನ್ ಸಂಸತ್ತಿನ ಬೆನ್ನಿಗೆ, ಸಾಲ್ವೇ ಕಟ್ಟಿಸಿಕೊಟ್ಟ ಶರೀರಶಾಸ್ತ್ರ ಸಂಸ್ಥೆಯ ಎದುರಿನ ಜಾಗ; ಈಗ ಆ ಕಟ್ಟಡದಲ್ಲಿ ಶಾಲೆಯಿದೆ. ಭಾನುವಾರವಾದ್ದರಿಂದ ಗೇಟು ಮುಚ್ಚಿತ್ತು. ಅಪ್ಪ ಕಂಬಿಗಳ ಹೊರಗೆ ನಿಂತು ಮೊದಲ ಸಾಲನ್ನು ಎಡದಿಂದ ಬೆರಳು ಮಡಿಸಿ ಎಣಿಸತೊಡಗಿದರು: ಲ್ಯಾಂಗ್‌ಮ್ಯುಯರ್, ಪ್ಲಾಂಕ್, ಕ್ಯೂರಿ, ಲೊರೆಂಟ್ಸ್, ನಡುವೆ ಐನ್‌ಸ್ಟೀನ್. ಮತ್ತೆ ಮೊದಲ ಬೆರಳಿಗೆ ಹಿಂತಿರುಗಿ, “ಈ ಲ್ಯಾಂಗ್‌ಮ್ಯುಯರ್ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಕಣಮ್ಮ, ಇಷ್ಟು ವರ್ಷ ಮಕ್ಕಳಿಗೆ ಅದನ್ನ ಹೇಳಲೇ ಇಲ್ಲ ನಾನು” ಎಂದು ಡೈರಿ ತೆಗೆದು ಬರೆದುಕೊಂಡರು.