ಪಾರಿ/ಜಿಪಿ: ಒಂದೇ ಸಂಖ್ಯೆಯ ಬೆನ್ನು ಹತ್ತುವವರಿಗೆ ತಕ್ಕ ತಂತ್ರಾಂಶ

ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಆನ್ರಿ ಕೋಹೆನ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಆರಂಭಿಸಿದ ಪಾರಿ/ಜಿಪಿ, ಸಂಖ್ಯಾಸಿದ್ಧಾಂತಕ್ಕೆಂದೇ ರೂಪುಗೊಂಡ ಉಚಿತ ತಂತ್ರಾಂಶ. ಇದರ ಗುಣ ತಿಳಿಯಲು ಹತ್ತಾರು ಲೆಕ್ಕ ಮಾಡಿಸುವುದಕ್ಕಿಂತ ಒಂದೇ ಸಂಖ್ಯೆಯನ್ನು ಹಿಡಿದು ಆಳಕ್ಕಿಳಿಯುವುದು ಮೇಲು. ನಾನು ಆರಿಸಿಕೊಂಡದ್ದು 2ರ 67ನೆಯ ಘಾತದಲ್ಲಿ 1 ಕಳೆದರೆ ಉಳಿಯುವ 147573952589676412927.

ಈ ಸಂಖ್ಯೆಯನ್ನು 1644ರಲ್ಲಿ ಫ್ರಾನ್ಸಿನ ವಿದ್ವಾಂಸ ಮರ್ಸೆನ್ ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದರು. 1876ರಲ್ಲಿ ಫ್ರೆಂಚ್ ಗಣಿತಜ್ಞ ಲ್ಯೂಕಾಸ್ ಅದು ಅವಿಭಾಜ್ಯವಲ್ಲವೆಂದು ಸಾಧಿಸಿದರೂ ಅಪವರ್ತನಗಳು ಸಿಕ್ಕಿರಲಿಲ್ಲ. ಅವನ್ನು 1903ರಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಮುಂದಿಟ್ಟವರು ಅಮೆರಿಕದ ಗಣಿತಜ್ಞ ಕೋಲ್. ಪಾರಿಯ ‘ಫ್ಯಾಕ್ಟರ್’ ಆದೇಶ ಕೊಟ್ಟರೆ 193707721 ಮತ್ತು 761838257287 ಎಂಬ ಆ ಎರಡೂ ಅಪವರ್ತನಗಳು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತವೆ.

ಆದರೆ ನನಗೆ ಮೆಚ್ಚುಗೆಯಾದದ್ದು ಈ ವೇಗವಲ್ಲ, ಉತ್ತರ ಬಂದ ಮೇಲೂ ಪ್ರಶ್ನೆ ಕೇಳುತ್ತಾ ಹೋಗಲು ಇರುವ ಅನುಕೂಲ. 2ರ ಘಾತಗಳನ್ನು ಮೊದಲ ಅಪವರ್ತನದಿಂದ ಭಾಗಿಸುತ್ತಾ ಹೋದರೆ ಎಷ್ಟನೆಯ ಘಾತಕ್ಕೆ ಮೊದಲ ಬಾರಿ ಶೇಷ 1 ಬರುತ್ತದೆ ಎಂದು ‘ಜೆಡ್‌ಎನ್‌ಆರ್ಡರ್’ ಮೂಲಕ ಕೇಳಿದರೆ 67 ಎಂಬ ಉತ್ತರ ಸಿಗುತ್ತದೆ, ಎರಡನೆಯದಕ್ಕೂ ಅದೇ. ಮುಂದೆಯೂ ಶೇಷ 1 ಬರುವುದು 67ರ ಗುಣಕಗಳಾದ ಘಾತಗಳಿಗೆ ಮಾತ್ರ; ಬೆಸ ಅವಿಭಾಜ್ಯದಿಂದ ಭಾಗಿಸುವಾಗ, ಅದರಲ್ಲಿ 1 ಕಳೆದಷ್ಟನೆಯ ಘಾತಕ್ಕೆ ಶೇಷ 1 ಬರಲೇಬೇಕೆಂಬುದು ಫರ್ಮಾ ನಿಯಮ. ಹಾಗಾಗಿಯೇ ಎರಡರಲ್ಲೂ 1 ಕಳೆದರೆ ಉಳಿಯುವುದು 67ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, 2ನ್ನು ಆಧಾರವಾಗಿಟ್ಟು ಇದೇ ನಿಯಮದ ಫರ್ಮಾ ಪರೀಕ್ಷೆಯನ್ನು ಮಾಡಿದರೆ ನಮ್ಮ ಮೂಲ ಸಂಖ್ಯೆ ಅವಿಭಾಜ್ಯದಂತೆಯೇ ನಡೆದುಕೊಂಡು ಶೇಷ 1 ಕೊಡುತ್ತದೆ, ಏಕೆಂದರೆ ಅದರಲ್ಲಿ 1 ಕಳೆದಾಗ ಉಳಿಯುವ ಸಂಖ್ಯೆಯೂ 67ರ ಗುಣಕವೇ. ಸಂಖ್ಯೆ ಅವಿಭಾಜ್ಯವೇ ಎಂದು ಹೇಳುವ ‘ಈಸ್‌ಪ್ರೈಮ್’ ಆದೇಶ ಮಾತ್ರ ಈ ವೇಷಕ್ಕೆ ಮರುಳಾಗದೆ 0, ಅಂದರೆ ಅಲ್ಲ, ಎನ್ನುತ್ತದೆ. ಪರೀಕ್ಷೆಯಲ್ಲಿ ಪಾಸಾಗುವುದಕ್ಕೂ ಅವಿಭಾಜ್ಯವಾಗಿರುವುದಕ್ಕೂ ಇರುವ ಅಂತರವನ್ನು ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಇದೇ ವಿಷಯದಲ್ಲಿ ನನ್ನದೊಂದು ಗಂಭೀರ ಆಕ್ಷೇಪವಿದೆ. ‘ಫ್ಯಾಕ್ಟರ್’ ಕೊಡುವ ದೊಡ್ಡ ಅಪವರ್ತನಗಳು ಬಲವಾದ ಪರೀಕ್ಷೆಯೊಂದನ್ನು ದಾಟಿದವುಗಳೇ ಹೊರತು, ಅವಿಭಾಜ್ಯವೆಂದು ಸಾಧಿಸಿದವುಗಳಲ್ಲ. ಆ ಪರೀಕ್ಷೆ 2ರ 64ನೆಯ ಘಾತದವರೆಗೆ ತಪ್ಪುವುದಿಲ್ಲವೆಂದು ಖಚಿತಪಟ್ಟಿರುವುದರಿಂದ ನಮ್ಮ ಎರಡು ಅಪವರ್ತನಗಳಿಗೆ ಸಂದೇಹವಿಲ್ಲ. ಅದಕ್ಕಿಂತ ದೊಡ್ಡವುಗಳು ಅವಿಭಾಜ್ಯವೆಂಬುದಕ್ಕೆ ಗಣಿತದ ಪುರಾವೆ ಬೇಕಾದರೆ ‘ಫ್ಯಾಕ್ಟರ್ ಪ್ರೂವನ್’ ಎಂಬ ಸೆಟ್ಟಿಂಗನ್ನು ಬಳಕೆದಾರರೇ ಬದಲಿಸಬೇಕು. ಕೈಪಿಡಿಯಲ್ಲಿ ಇದು ಇದೆಯಾದರೂ ಹೊಸಬರು ಅಲ್ಲಿಯವರೆಗೆ ಹೋಗುವುದು ಅಪರೂಪ, ಆದ್ದರಿಂದ ಉತ್ತರದ ಜೊತೆಗೇ ಒಂದು ಸಾಲಿನ ಸೂಚನೆ ಇರಬೇಕಿತ್ತು.

ದೊಡ್ಡ ಲೆಕ್ಕಗಳಲ್ಲಿ ಮೆಮೊರಿ ಸಾಲದೆಂಬ ಸಂದೇಶ ಬಂದು ಕೆಲಸ ನಿಲ್ಲುವುದುಂಟು. ಮಿತಿಯನ್ನು ಹೆಚ್ಚಿಸಿಕೊಂಡರೆ ಸರಿಹೋಗುತ್ತದೆ. ಹೆಚ್ಚುಕಡಿಮೆ ಸಮಾನ ಗಾತ್ರದ ಎರಡು ಅವಿಭಾಜ್ಯಗಳನ್ನು ಗುಣಿಸಿ ಬಂದ, ನೂರು ಅಂಕಿಗಳನ್ನು ಮೀರಿದ ಸಂಖ್ಯೆಯನ್ನು ಒಡೆಯಬೇಕಿದ್ದವರು ದೊಡ್ಡ ಸಂಖ್ಯೆಗಳನ್ನು ಒಡೆಯಲೆಂದೇ ಇರುವ ಕ್ಯಾಡೋ-ಎನ್‌ಎಫ್‌ಎಸ್‌ನಂಥ ತಂತ್ರಾಂಶಕ್ಕೆ ಹೋಗುವುದೇ ಸರಿ. ಉಳಿದವರು ಇನ್‌ಸ್ಟಾಲ್ ಮಾಡಿಕೊಳ್ಳುವ ಮೊದಲು ಪಾರಿಯ ಜಾಲತಾಣಕ್ಕೆ ಹೋಗಿ, ಬ್ರೌಸರಿನಲ್ಲೇ ನಡೆಯುವ ಆವೃತ್ತಿಯಲ್ಲಿ ಮೇಲಿನ ಲೆಕ್ಕಗಳನ್ನೆಲ್ಲ ಮಾಡಿ ನೋಡಬಹುದು.