ಕುವೆಂಪುನಗರದ ಪೆಟ್ ಕ್ಲಿನಿಕ್: ನಾಯಿ ಕ್ರಾಸಿಂಗ್ (ಮೇಟಿಂಗ್) ಆಗ್ತಿಲ್ಲ ಅಂದ್ರೆ ಧೈರ್ಯವಾಗಿ ಹೋಗಿ
ನಮ್ ಲ್ಯಾಬ್ರಡಾರ್ ಹೆಣ್ಣು ನಾಯಿ ಹೀಟಿಗೆ (ಬೆದೆಗೆ) ಬಂದ್ರೂ ಗಂಡು ಹತ್ರ ಬಂದ ತಕ್ಷಣ ಬಾಲ ಒತ್ಕೊಂಡು ಕೂತ್ಬಿಡೋಳು. ಇಲ್ಲಿ ಡಾಕ್ಟ್ರು ಮೊದ್ಲು ಗ್ಲೌಸ್ ಹಾಕಿ ಬೆರಳಲ್ಲಿ ಚೆಕ್ ಮಾಡಿ ಒಳಗೆ ಅಡ್ಡ ಪೊರೆ ಏನೂ ಇಲ್ಲ ಅಂದ್ರು, ಆಮೇಲೆ ರಕ್ತ ತಗೊಂಡು ಕ್ರಾಸಿಂಗಿಗೆ ಸರಿಯಾದ ದಿನ ತಿಳಿಯೋಕೆ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಟೆಸ್ಟ್ ಮಾಡಿದ್ರು, ಯಾಕಂದ್ರೆ ಹೀಟ್ ಶುರುವಾದಾಗಿಂದ ಬರೀ ದಿನ ಎಣಿಸಿದ್ರೆ ಸಾಲ್ದು, ಕೆಲವಕ್ಕೆ 9ನೇ ದಿನಕ್ಕೇ ಟೈಮ್ ಬರತ್ತೆ, ಕೆಲವಕ್ಕೆ 15 ದಾಟ್ಬೇಕು. ಎರಡೂ ನಾಯಿಗೆ ಬ್ರೂಸೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಟೆಸ್ಟ್ ಮಾಡ್ಸಿ ಅಂದಿದ್ದು ತುಂಬಾ ಹಿಡಿಸ್ತು, ಅದ್ರಿಂದ ಬರೋ ಕಾಯಿಲೆ ಮನುಷ್ಯರಿಗೂ ಹರಡತ್ತೆ. ಕ್ರಾಸಿಂಗಲ್ಲಿ ಎರಡೂ ಅಂಟ್ಕೊಂಡು ಲಾಕ್ ಆದ್ಮೇಲೆ ಅರ್ಧ ಗಂಟೆ ಆದ್ರೂ ದಯವಿಟ್ಟು ಎಳೀಬೇಡಿ, ಎರಡಕ್ಕೂ ಪೆಟ್ಟಾಗತ್ತೆ, ಗಂಟೆ ದಾಟಿದ್ರೆ ಡಾಕ್ಟ್ರಿಗೆ ಫೋನ್ ಮಾಡಿ. ಹೀಟ್ ಮುಗಿದ್ಮೇಲೆ ಹೆಣ್ಣಿಗೆ ಯೋನಿಯಿಂದ ಕೀವು ಬಂದು ಊಟ ಬಿಟ್ರೆ ಅವತ್ತೇ ಕರ್ಕೊಂಡೋಗಿ. ಪಾರ್ಕಿಂಗ್ ಮಾತ್ರ ಕಷ್ಟ, ಬೆಳಿಗ್ಗೆ ಬೇಗ ಹೋಗೋದು ವಾಸಿ.